ಬೀಗರಿಗೊಂದು ಹಡಗು

ಹಡಗಿಗೆ ಹದಿನೆಂಟು ಸಾವಿರದ ಆರುನೂರು ರೂಪಾಯಿ. ಈ ಬೆಲೆಯಲ್ಲಿ ಸಮುದ್ರ ಸೇರಿರಲಿಲ್ಲ. ಅಂಟು, ಉಪ್ಪುಕಾಗದ, ಸಣ್ಣ ಗರಗಸಗಳೂ ಸೇರಿರಲಿಲ್ಲ. ಅವಕ್ಕೆ ಬೇರೆ ಎರಡು ಸಾವಿರದ ಚಿಲ್ಲರೆ. ಅಂಟು ಒಣಗುವವರೆಗೆ ಪಟ್ಟಿಗಳನ್ನು ಹಿಡಿದಿಡಲು ಬಟ್ಟೆ ಒಣಹಾಕುವ ಕ್ಲಿಪ್ಪುಗಳು ಮನೆಯಲ್ಲೇ ಇದ್ದವು, ಆದ್ದರಿಂದ ಅವು ಪುಕ್ಕಟೆ ಎಂದು ಅನಂತರಾಮು ಲೆಕ್ಕ ಹಾಕಿದರು. ಆದರೆ ಕ್ಲಿಪ್ಪಿಲ್ಲದ ತಂತಿಯಿಂದ ಅವರ ಪಂಚೆಯೊಂದು ಹಾರಿ, ಹೊರಡುತ್ತಿದ್ದ ಪಕ್ಕದ ಮನೆಯ ಕಾರಿನ ಗಾಜಿನ ಮೇಲೆ ಮಲಗಿ, ಕಾರು ದಾರಿ ಕಾಣದೆ ಹಿಂದಕ್ಕೆ ಬಂದು ಇವರದೇ ಗೇಟಿಗೆ ಗುದ್ದಿತು. ಗೇಟಿನ ವೆಲ್ಡಿಂಗನ್ನೂ ಸೇರಿಸಿದರೆ ಎಲ್ಲಕ್ಕಿಂತ ದುಬಾರಿಯಾದದ್ದು ಆ ಪುಕ್ಕಟೆ ಕ್ಲಿಪ್ಪೇ. ಇಡ್ಲಿ ಕುಕ್ಕರಿನ ವಿಷಯ ಮುಂದೆ ಬರುತ್ತದೆ.

ಈ ಎಲ್ಲ ಖರ್ಚಿಗೆ ಮೂಲ ಒಂದು ಮಾತು. ಅದನ್ನು ಆಡುವುದಕ್ಕೆ ಮಾತ್ರ ಏನೂ ಖರ್ಚಾಗಲಿಲ್ಲ.

ಆ ಮಾತು ಅನಂತರಾಮು ಅವರ ಬಾಯಿಂದ ಜಾರಿದ್ದು ಅಂಜನಾಪುರದಲ್ಲಿ, ಮಗಳು ಪ್ರಕೃತಿ ಮತ್ತು ಅಳಿಯ ಕಟ್ಟಿಸುತ್ತಿದ್ದ ಹೊಸ ಮನೆಯ ಹಾಲಿನಲ್ಲಿ. ಅಳಿಯನ ತಂದೆ ದಿವಾಕರ ಶಾನುಭಾಗರು ಕುಮಟೆಯ ಕಡೆಯವರು, ಸರಕು ಹಡಗುಗಳಲ್ಲಿ ಎಂಜಿನಿಯರಾಗಿ ಲೋಕ ಸುತ್ತಿದವರು. ಅನಂತರಾಮು ಬನಶಂಕರಿಯ ಒಂದು ಸಹಕಾರ ಸಂಘದಲ್ಲಿ ಕ್ಯಾಷಿಯರು, ಕತ್ರಿಗುಪ್ಪೆಯಿಂದ ಬನಶಂಕರಿಗೆ ಹೋಗಿ ಬಂದವರು. ಹೆಣ್ಣು ಕೊಟ್ಟವರು ಬೀಗರ ಮುಂದೆ ಒಂದಿಷ್ಟು ಬಗ್ಗಿ ನಿಲ್ಲಬೇಕೆಂದು ಶಾನುಭಾಗರು ಎಂದೂ ಬಯಸಿದವರಲ್ಲ. ಆದರೂ ಅವರು ‘ಪನಾಮಾ ಕಾಲುವೆ’ ಎಂದಾಗಲೆಲ್ಲ ಅನಂತರಾಮು ತಾವಾಗಿಯೇ ಒಂದಿಂಚು ಬಗ್ಗಿಬಿಡುತ್ತಿದ್ದರು. ಪನಾಮಾಕ್ಕೆ ಎದುರಾಗಿ ಹೇಳಲು ಅವರ ಬಳಿ ಇದ್ದ ಜಲಯಾನ ಒಂದೇ: ಶ್ರೀರಂಗಪಟ್ಟಣದಲ್ಲಿ ತೆಪ್ಪ ಹತ್ತಿ, ತಲೆ ಸುತ್ತಿ, ದಡ ಬಿಡುವ ಮೊದಲೇ ಇಳಿದದ್ದು.

ಹಾಲಿನಲ್ಲಿ ಬಾಗಿಲಿಗೆ ಎದುರಾಗಿ ಗೋಡೆಯಲ್ಲೊಂದು ದೊಡ್ಡ ಗೂಡು ಬಿಟ್ಟಿದ್ದರು.

“ಇಲ್ಲೊಂದು ಮರದ ಹಡಗಿನ ಮಾಡೆಲ್ ಇಡೋಣ ಅಂತ,” ಎಂದರು ಶಾನುಭಾಗರು. “ಮನೆ ಒಳಗೆ ಕಾಲಿಟ್ಟ ಕೂಡ್ಲೇ ಕಾಣ್ಬೇಕು. ಕೊಚ್ಚಿಯಲ್ಲಿ ಒಬ್ಬರಿಗೆ ಆರ್ಡರ್ ಕೊಟ್ಟಿದ್ದೇನೆ.”

“ಕೊಂಡ್ಕೊಂಡು ಬರೋದ್ಯಾಕೆ ಬೀಗರೇ?” ಎಂದುಬಿಟ್ಟರು ಅನಂತರಾಮು. “ನಾನೇ ಕಟ್ಟಿಕೊಡ್ತೀನಿ. ನಂಗೆ ಮೊದ್ಲಿಂದಾನೂ ಅದೇ ಹವ್ಯಾಸ.”

ಅವರ ಹೆಂಡತಿ ಜಯಾ ಬಾಳೆಹಣ್ಣು ಸುಲಿಯುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿದರು. ಅವರಿಗೆ ತಿಳಿದ ಮಟ್ಟಿಗೆ ಗಂಡನ ಕೈಕೆಲಸವೆಂದರೆ ಹರಿದ ನೋಟಿಗೆ ಟೇಪು ಹಚ್ಚುವುದು. ಮನೆಯ ಸ್ಟೂಲು ಕುಂಟಿದಾಗ ಅದರ ಕಾಲಿನ ಕೆಳಗೆ ಯಾರದೋ ಲಗ್ನಪತ್ರಿಕೆ ಮಡಚಿಟ್ಟಿದ್ದರು. ಆ ಪತ್ರಿಕೆಯ ಮದುಮಗಳಿಗೆ ಈಗ ಕಾಲೇಜಿಗೆ ಹೋಗುವ ಮಗನಿದ್ದಾನೆ. ಸ್ಟೂಲು ಹಾಗೇ ಇದೆ.

“ಅರೆ, ಗೊತ್ತೇ ಇರ್ಲಿಲ್ಲ!” ಎಂದು ಶಾನುಭಾಗರು ಕೈ ಹಿಡಿದು ಕುಲುಕಿದರು. “ಪ್ಲ್ಯಾಂಕ್ ಆನ್ ಫ್ರೇಮಾ?”

“ಫ್ರೇಮ್ ಇಲ್ದೆ ಹಾಗೇ ಕೊಡಕ್ಕಾಗತ್ತಾ? ಗ್ಲಾಸ್ ಸಮೇತ ಫ್ರೇಮ್ ಹಾಕಿಸೇ ಕೊಡ್ತೀನಿ.”

ಶಾನುಭಾಗರು ಇದನ್ನು ಪಳಗಿದ ಕೈಯವರ ತಮಾಷೆ ಎಂದುಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಫೋನು ತೆಗೆದು ಕೊಚ್ಚಿಯ ಆರ್ಡರನ್ನು ರದ್ದು ಮಾಡಿದರು. ಗೃಹಪ್ರವೇಶಕ್ಕೆ ಎರಡು ತಿಂಗಳಿತ್ತು.

ಆಟೋದಲ್ಲಿ ಬರುವಾಗ ಜಯಾ ಕೇಳಿದರು: “ಯಾವಾಗಿಂದ ಈ ಹವ್ಯಾಸ?”

“ಇವತ್ತಿಂದ,” ಎಂದರು ಅನಂತರಾಮು. “ನೋಡು, ಪ್ರಕೃತಿ ಮುಂದೆ ಮಾತ್ರ ಬಾಯಿ ಬಿಡ್ಬೇಡ. ಅವಳಿಗೆ ಗೊತ್ತಾದ್ರೆ ಗಂಡನಿಗೆ ಹೇಳ್ತಾಳೆ, ಅವನು ಅಪ್ಪನಿಗೆ ಹೇಳ್ತಾನೆ. ಯಾರಿಗೂ ಹೇಳ್ಬೇಡ.”

“ನಾನ್ಯಾಕೆ ಹೇಳ್ಲಿ? ನಾಚ್ಕೆ ಆಗಲ್ವಾ?” ಎಂದರು ಜಯಾ.

ಬಿ.ಟಿ.ಎಂ. ಲೇಔಟಿನ ಒಂದು ಹವ್ಯಾಸ ಸಾಮಗ್ರಿಯ ಅಂಗಡಿಯಿಂದ ಪೆಟ್ಟಿಗೆ ಬಂತು. ಪೆಟ್ಟಿಗೆಯ ಮೇಲೆ ಮೂರು ಕಂಬದ, ಹಾಯಿ ಬಿಚ್ಚಿದ, ಎದೆಯುಬ್ಬಿಸಿದ ಹಡಗಿತ್ತು. ಪೆಟ್ಟಿಗೆಯ ಒಳಗೆ ಕಡ್ಡಿಗಳಿದ್ದವು.

“ಊದುಬತ್ತಿ ಕಳಿಸಿಬಿಟ್ಟಿದಾರಲ್ರೀ,” ಎಂದರು ಜಯಾ.

ಅನಂತರಾಮು ಅಂಗಡಿಯ ಮಯೂರನಿಗೆ ಫೋನು ಮಾಡಿದರು. ಹಡಗು ಎಲ್ಲಿ ಎಂದು ಕೇಳಿದರು.

“ಅದೇ ಅಂಕಲ್ ಹಡಗು. ನೀವು ಕಟ್ಬೇಕು. ಸಖತ್ ಈಸಿ,” ಎಂದು ಮಯೂರ ಪಾಠ ಶುರುಮಾಡಿದ. ಉದ್ದಕ್ಕೊಂದು ಬೆನ್ನುಮೂಳೆ, ಅದಕ್ಕೆ ಕೀಲ್ ಎಂದು ಹೆಸರು. ಅದಕ್ಕೆ ಅಡ್ಡಡ್ಡಲಾಗಿ ಪಕ್ಕೆಲುಬುಗಳು, ಅವು ರಿಬ್. ಇದೇ ಫ್ರೇಮು, ಗಾಜಿಗೂ ಇದಕ್ಕೂ ಸಂಬಂಧವಿಲ್ಲ. ಅದರ ಮೇಲೆ ತೆಳುವಾದ ಮರದ ಪಟ್ಟಿಗಳನ್ನು ಆವಿಯಲ್ಲಿ ಬೇಯಿಸಿ, ಮೆತ್ತಗೆ ಮಾಡಿ, ಬಗ್ಗಿಸಿ, ಒಂದೊಂದಾಗಿ ಅಂಟಿಸಿದರೆ ಹಡಗಿನ ಒಡಲು, ಅಂದರೆ ಹಲ್.

ಕೀಲ್, ರಿಬ್, ಹಲ್. ಈ ಮೂರು ಪದಗಳನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಅನಂತರಾಮು ಅವರಿಗೆ ಬಂದ ಕಷ್ಟಗಳೆಲ್ಲ ಈ ಮೂರು ಬಾಗಿಲುಗಳಿಂದಲೇ ಬಂದವು.

ಮೊದಲ ಕಷ್ಟ ಕೀಲಿನದು. ಅಂಟು ಬಳಿದ ಕೀಲನ್ನು ಒಣಗಲೆಂದು ಅವರು ಅಡುಗೆಮನೆಯಲ್ಲಿ ಸಮತಟ್ಟಾಗಿ ಕಂಡ ಒಂದು ಜಾಗದಲ್ಲಿ ಇಟ್ಟರು. ಅದು ಗ್ರೈಂಡರಿನ ಮುಚ್ಚಳ. ಜಯಾ ನೋಡದೆ ದೋಸೆಗೆ ರುಬ್ಬಿದರು. ಹಿಟ್ಟು ಚೆನ್ನಾಗಿಯೇ ಬಂತು, ಆದರೆ ಕೀಲು ಎಡಕ್ಕೆ ತಿರುಗಿಕೊಂಡಿತು. ಅದನ್ನು ನೆಟ್ಟಗೆ ಮಾಡಲು ಹೋಗಿ ಎರಡು ರಿಬ್ ಮುರಿದವು. ಅನಂತರಾಮು ಫೋನು ಹಿಡಿದು, ಸಿಗ್ನಲ್ ಸರಿಯಾಗಿ ಸಿಗುವ ಒಂದೇ ಜಾಗವಾದ ಬಾಲ್ಕನಿಗೆ ಓಡಿದರು.

ಆ ಬಾಲ್ಕನಿಗೆ ಮೂರಡಿ ದೂರದಲ್ಲಿ ಪಕ್ಕದ ಮನೆಯ ಬಾಲ್ಕನಿ. ಅಲ್ಲಿ ಶೈಲಶ್ರೀ ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದರು. ಬೀದಿಯವರ ವಾಟ್ಸ್ಯಾಪ್ ಗುಂಪಿಗೆ ಅಡ್ಮಿನ್ ಅವರೇ. ಬಹಳ ಒಳ್ಳೆಯ ಮನಸ್ಸು. ಯಾರಿಗಾದರೂ ಕಷ್ಟ ಬಂದಿದೆ ಎಂದರೆ, ಆ ಕಷ್ಟ ಬಂದವರಿಗಿಂತ ಮೊದಲು ಇವರು ಓಡುವವರು. ಅವರಿಗೆ ಕೇಳಿಸಿದ್ದು ಇಷ್ಟು:

“ಕೀಲು ಪೂರ್ತಿ ಸೊಟ್ಟ ಆಗ್ಬಿಟ್ಟಿದೆ ಮಯೂರ್… ಹೂಂ, ಎಡಗಡೆಗೆ… ರಿಬ್ಸು ಎರಡು ಹೋಯ್ತು… ಅಲ್ಲಪ್ಪಾ, ಇದೇ ಸರಿ ಹೋಗ್ದಿದ್ರೆ ಹಲ್ ಯಾವಾಗ ಕಟ್ಟೋದು? ಎರಡೂ ಕಡೆ ಕಟ್ಬೇಕಲ್ಲ… ಆವಿ ಕೊಟ್ಟು ಬಗ್ಗಿಸೋದಾ? ಬಗ್ಗಿಸೋವಾಗ ಪಟ್ ಅಂದ್ರೆ?… ಏನಾದ್ರೂ ಮಾಡಿ ಗೃಹಪ್ರವೇಶದವರೆಗೆ ನಿಲ್ಲೋ ಹಾಗೆ ಮಾಡ್ಕೊಡು ಮಾರಾಯ. ಮಗಳ ಮನೆಯವರಿಗೆ ಮಾತ್ರ ಗೊತ್ತಾಗ್ಬಾರ್ದು.”

ಶೈಲಶ್ರೀ ಅವರ ಕೈಯಲ್ಲಿದ್ದ ನೀರಿನ ಮಗ್ಗು ಕರಿಬೇವನ್ನು ಬಿಟ್ಟು ಕೆಳಗೆ ನಿಂತಿದ್ದ ಯಾರದೋ ಸ್ಕೂಟರಿಗೆ ನೀರು ಹಾಕತೊಡಗಿತು. ಕೀಲು ಸೊಟ್ಟ. ಪಕ್ಕೆಲುಬು ಮುರಿದಿದೆ. ಎರಡೂ ಕಡೆ ಹಲ್ಲು ಕಟ್ಟಿಸಬೇಕು. ಗೃಹಪ್ರವೇಶದವರೆಗಾದರೂ ನಿಲ್ಲಬೇಕು. ಮಗಳಿಗೆ ಗೊತ್ತಾಗಬಾರದು. ಅವರ ಕಣ್ಣು ತುಂಬಿ ಬಂತು.

ಆದರೂ ಅವರು ವಿಚಾರಿಸದೆ ಸುದ್ದಿ ಹಬ್ಬಿಸುವವರಲ್ಲ. ನೇರವಾಗಿ ಹೋಗಿ ಜಯಾ ಅವರನ್ನು ಕೇಳಿದರು.

“ಯಜಮಾನ್ರು ಹೇಗಿದಾರೆ ಜಯಾ?”

ಜಯಾ ಅವರ ಕಣ್ಣ ಮುಂದೆ ಗ್ರೈಂಡರಿಗೆ ಅಂಟಿದ ಅಂಟು ಸುಳಿಯಿತು. “ಏನ್ ಹೇಳ್ಲಿ ಬಿಡಿ ಶೈಲಾ. ಊಟ ತಿಂಡಿ ಕಡೆ ಗಮನ ಇಲ್ಲ. ರೂಮ್ ಬಾಗಿಲು ಹಾಕ್ಕೊಂಡು ಒಬ್ರೇ ಕೂತಿರ್ತಾರೆ. ಯಾರಿಗೂ ಹೇಳ್ಬೇಡ ಅಂತ ಆಣೆ ಬೇರೆ ಹಾಕಿಸ್ಕೊಂಡಿದಾರೆ.”

“ಎಷ್ಟು ದಿನ ಅಂತ ಹೇಳಿದಾರೆ?”

“ಎರಡು ತಿಂಗಳು,” ಎಂದರು ಜಯಾ. “ಅದ್ರೊಳಗೆ ಮುಗಿದ್ರೆ ಸಾಕಪ್ಪಾ, ದೇವ್ರೇ.”

ಶೈಲಶ್ರೀ ಜಯಾ ಅವರನ್ನು ತಬ್ಬಿಕೊಂಡು ಅತ್ತರು. ಗ್ರೈಂಡರಿಗೆ ಇಷ್ಟು ಮರುಗುವ ಹೆಣ್ಣು ಇರುತ್ತಾಳೆಯೇ ಎಂದು ಜಯಾ ಕೂಡ ಅತ್ತರು.

ಅನಂತರಾಮು ಇಲ್ಲದ ಗುಂಪೊಂದನ್ನು ಶೈಲಶ್ರೀ ಅವತ್ತೇ ಬೇರೆಯಾಗಿ ತೆರೆದರು. ಮಾರನೆಯ ಬೆಳಿಗ್ಗೆಯಿಂದ ಬೀದಿಯ ಕರುಣೆ ಪಾತ್ರೆಗಳಲ್ಲಿ ಬರತೊಡಗಿತು. ಹಲ್ಲಿಲ್ಲದವರಿಗೆಂದು ಅಕ್ಕಿ ಗಂಜಿ, ರಾಗಿ ಅಂಬಲಿ, ಕಿವುಚಿದ ಬಾಳೆಹಣ್ಣು. ಅನಂತರಾಮು ಅವರ ಬಾಯಲ್ಲಿ ಮೂವತ್ತೆರಡೂ ಭದ್ರವಾಗಿದ್ದವು, ಮತ್ತು ಅವು ಚಕ್ಕುಲಿಗಾಗಿ ಹಂಬಲಿಸುತ್ತಿದ್ದವು. ಜಯಾ ಮಾತ್ರ ಕೊಟ್ಟದ್ದನ್ನೆಲ್ಲ ಇಸಿದುಕೊಂಡರು. ಇಡ್ಲಿ ಕುಕ್ಕರಿನಲ್ಲಿ ಮರದ ಪಟ್ಟಿಗಳು ಬೇಯುತ್ತಿದ್ದುದರಿಂದ ಅವರಿಗೆ ತಿಂಡಿ ಮಾಡುವುದೇ ಕಷ್ಟವಾಗಿತ್ತು. ಒಂದು ದಿನ ಮಾಡಿದ ಇಡ್ಲಿಗೆ ಹೊಸ ಮರದ ಬೀರುವಿನ ವಾಸನೆ ಬಂದಿತ್ತು.

ಸಹಕಾರ ಸಂಘದ ಕಾರ್ಯದರ್ಶಿ ಲಕ್ಕಪ್ಪನವರೂ ಇದೇ ಬೀದಿಯವರು. ಅವರು ಅನಂತರಾಮು ಅವರನ್ನು ಕ್ಯಾಷ್ ಕೌಂಟರಿನಿಂದ ಎಬ್ಬಿಸಿ ಮೆತ್ತೆಯ ಕುರ್ಚಿಯಲ್ಲಿ ಕೂರಿಸಿದರು.

“ನಾಣ್ಯದ ಚೀಲ ಎತ್ಬೇಡಿ ಅನಂತರಾಮು. ನಗಬೇಡಿ ಕೂಡ. ಪಕ್ಕೆಗೆ ಒತ್ತಡ.”

“ನಗೋ ಅಂಥದ್ದು ಇಲ್ಲೇನಿದೆ ಸಾರ್?” ಎಂದರು ಅನಂತರಾಮು, ಗಲಿಬಿಲಿಯಿಂದ.

“ಅದೇ, ಆ ಧೈರ್ಯಾನೇ ಬೇಕಾಗಿರೋದು,” ಎಂದು ಲಕ್ಕಪ್ಪ ಕಣ್ಣೊರೆಸಿಕೊಂಡರು.

ಇದೆಲ್ಲ ತಮ್ಮ ನಿವೃತ್ತಿ ಹತ್ತಿರ ಬಂದದ್ದರಿಂದ ಸಿಗುತ್ತಿರುವ ಗೌರವ ಎಂದು ಅನಂತರಾಮು ಭಾವಿಸಿದರು. ಮನುಷ್ಯನಿಗೆ ಗೌರವ ಸಿಗುತ್ತಿರುವಾಗ ಅದರ ಕಾರಣ ಕೇಳುವ ಅಭ್ಯಾಸ ಕಡಿಮೆ.

ಕಾರಣ ಗೊತ್ತಾದದ್ದು ಮೇಲಿನ ಮಹಡಿಯ ಬಾಡಿಗೆದಾರ ಹಣಮಪ್ಪನ ತಾಯಿ ಶಂಕ್ರವ್ವ ಬಂದಾಗ. ಬಾಗಲಕೋಟೆ ಕಡೆಯ ಗಟ್ಟಿ ಹೆಂಗಸು. ಒಂದು ಕೈಯಲ್ಲಿ ಕಾಸಿದ ಎಣ್ಣೆಯ ಬಟ್ಟಲು ಹಿಡಿದು, ಇನ್ನೊಂದು ಕೈಯಿಂದ ರೂಮಿನ ಬಾಗಿಲು ಬಡಿದರು. ಒಳಗೆ ಅನಂತರಾಮು ಸಂಕಟದಲ್ಲಿದ್ದರು. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಅಂಟು ಸೋರಿ, ಎರಡೂ ಒಂದಾಗಿ ಬಿಡಿಸಲಾರದಂತೆ ಕೂಡಿಕೊಂಡಿದ್ದವು. ಹಡಗು ಕಾಣದಂತೆ ಬಾಗಿಲನ್ನು ಸ್ವಲ್ಪವೇ ತೆರೆದು ಹೊರಬಂದರು.

“ಅಯ್ಯ ಶಿವನ, ಬೆರಳೂ ಸೆಟದಾವಲ್ಲೋ!” ಎಂದರು ಶಂಕ್ರವ್ವ. “ಕುಂದರು. ಕೀಲಿಗೆ ದವಾಖಾನಿ ಯಾಕ ಬೇಕು? ನಮ್ಮವ್ವ ಊರ ಮಂದಿ ಕೀಲೆಲ್ಲ ಕುಂದ್ರಿಸ್ಯಾಳ.”

“ಕೀಲಾ?” ಅನಂತರಾಮು ಬಿಳಿಚಿಕೊಂಡರು. “ಕೀಲ್ ವಿಷಯ ನಿಮಗ್ಯಾರು ಹೇಳಿದ್ರು?”

“ಇಡೀ ಓಣಿಗೆ ಗೊತ್ತೈತಿ. ಪಕ್ಕಿ ಎಲುಬು ಮುರದಾವು, ಹಲ್ಲು ಎರಡೂ ಕಡೀಗೆ ಕಟ್ಟಬೇಕು. ಎಲ್ಲಿ, ಬಾಯಿ ತಗಿ.”

ಅನಂತರಾಮು ಬಾಯಿ ತೆರೆದದ್ದು ಗಾಬರಿಗೆ. ಶಂಕ್ರವ್ವ ಇಣುಕಿ ನೋಡಿ, “ಇದ್ದಾವಲ್ಲ ಎಲ್ಲಾ!” ಎಂದು ನಿರಾಶರಾದರು. ಆಮೇಲೆ ಉಳಿದ ಕೀಲುಗಳ ಕಡೆ ತಿರುಗಿದರು. ಭುಜದಿಂದ ಹಿಮ್ಮಡಿಯವರೆಗೆ ಅವರು ಮುಟ್ಟಿದ ಕಡೆಯೆಲ್ಲ ‘ಲಟಕ್’ ಎಂದಿತು. ಕೊನೆಗೆ ಬೆರಳಿಗೆ ಬಿಸಿ ಎಣ್ಣೆ ಹಾಕಿ ಬಲವಾಗಿ ತಿಕ್ಕಿದಾಗ, ಅಂಟು ಮೆತ್ತಗಾಗಿ ಬೆರಳುಗಳು ಬಿಟ್ಟುಕೊಂಡವು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಶೈಲಶ್ರೀ ಕೈಜೋಡಿಸಿಬಿಟ್ಟರು. ಅಂದಿನಿಂದ ಶಂಕ್ರವ್ವನ ಮನೆಯ ಮೆಟ್ಟಿಲ ಮೇಲೆ ಮಂಡಿನೋವಿನವರು ಸಾಲಾಗಿ ಕೂರತೊಡಗಿದರು, ಹೊಸಕೆರೆಹಳ್ಳಿಯಿಂದಲೂ ಬರುತ್ತಿದ್ದರು.

ಈಗ ಅನಂತರಾಮು ಅವರಿಗೆ ಎಲ್ಲ ತಿಳಿದಿತ್ತು. ಆದರೆ ಬಾಯಿ ಬಿಡುವಂತಿರಲಿಲ್ಲ. ‘ನನ್ನ ಕೀಲಲ್ಲ, ಹಡಗಿನದು’ ಎಂದರೆ ಸುದ್ದಿ ಸಂಜೆಯೊಳಗೆ ಅಂಜನಾಪುರ ಮುಟ್ಟುತ್ತದೆ. ‘ಹವ್ಯಾಸ’ ಎಂದದ್ದು ಸುಳ್ಳೆಂದು ಬೀಗರಿಗೆ ಗೊತ್ತಾಗುತ್ತದೆ. ಕಾಯಿಲೆಯವನೆನ್ನಿಸಿಕೊಳ್ಳುವುದೇ ವಾಸಿ ಎಂದು ತೀರ್ಮಾನಿಸಿ ಅವರು ಬೀದಿಯಲ್ಲಿ ಸ್ವಲ್ಪ ಕುಂಟತೊಡಗಿದರು. ಯಾವ ಕಾಲೆಂಬುದು ದಿನದಿನಕ್ಕೆ ಬದಲಾಗುತ್ತಿತ್ತು, ಅಷ್ಟೆ.

ಗೃಹಪ್ರವೇಶಕ್ಕೆ ಒಂದು ವಾರವಿದೆ ಎನ್ನುವಾಗ ಹಡಗಿನ ಬಲ ಮಗ್ಗುಲಿಗೆ ಪಟ್ಟಿ ಹಾಕಿ ಮುಗಿದಿತ್ತು. ಎಡ ಮಗ್ಗುಲು ಬರೀ ಎಲುಬಿನ ಗೂಡು. ಅದೇ ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಕಾರು ನಿಂತಿತು. ಪ್ರಕೃತಿ ಅಳುತ್ತಲೇ ಇಳಿದಳು. ಹಿಂದೆ ದಿವಾಕರ ಶಾನುಭಾಗರು, ಅವರ ಹಿಂದೆ ಎಳನೀರಿನ ಗೊಂಚಲು. ಕಾರು ಕಂಡು ಶೈಲಶ್ರೀ ಕೂಡ ಬಂದರು. ಫೋನು ಮಾಡಿದ್ದು ಅವರೇ. ಎರಡು ತಿಂಗಳು ಬಾಯಿ ಮುಚ್ಚಿಕೊಂಡಿರಲು ಯಾರಿಂದ ಸಾಧ್ಯ?

“ಅಪ್ಪಾ, ನಂಗೆ ಯಾಕೆ ಹೇಳ್ಲಿಲ್ಲ?” ಎಂದಳು ಪ್ರಕೃತಿ. “ಗೃಹಪ್ರವೇಶ ಮುಂದಕ್ಕೆ ಹಾಕ್ತೀವಿ. ನಿಂಗೆ ಆಪರೇಶನ್ ಆಗೋವರ್ಗೂ ಆ ಮನೆಗೆ ಕಾಲಿಡಲ್ಲ ನಾನು.”

“ಬೀಗರೇ,” ಎಂದು ಶಾನುಭಾಗರು ಅವರ ಭುಜದ ಮೇಲೆ ಬಹಳ ಹಗುರವಾಗಿ ಕೈಯಿಟ್ಟರು. “ಆ ಹಡಗಿನ ಯೋಚನೆ ಬಿಟ್ಬಿಡಿ. ಮರೆತೇಬಿಡಿ. ಮೊದಲು ನೀವು ಹುಷಾರಾಗ್ಬೇಕು.”

ಅನಂತರಾಮು ಅವರ ಮುಂದೆ ರಾಜಮಾರ್ಗವೊಂದು ತೆರೆಯಿತು. ಸುಮ್ಮನೆ ಒಮ್ಮೆ ನರಳಿದರೆ ಸಾಕು. ಹಡಗು ಕೊಡಬೇಕಿಲ್ಲ, ಹವ್ಯಾಸದ ಮಾನ ಉಳಿಯುತ್ತದೆ, ಮೇಲಿಂದ ಎಳನೀರು. ಅವರು ನರಳಲು ಬಾಯಿ ತೆರೆದರು. ಮಗಳ ಮುಖ ಕಂಡಿತು. ಅಳು ತಡೆಯಲು ಅವಳು ಕೆಳತುಟಿ ಕಚ್ಚಿಕೊಂಡಿದ್ದಳು, ಚಿಕ್ಕವಳಿದ್ದಾಗ ಚುಚ್ಚುಮದ್ದು ಹಾಕಿಸುವಾಗ ಕಚ್ಚಿಕೊಳ್ಳುತ್ತಿದ್ದ ಹಾಗೆ. ತೆರೆದ ಬಾಯಿ ಮುಚ್ಚಿಕೊಂಡಿತು.

“ನಂಗೇನೂ ಆಗಿಲ್ಲಮ್ಮಾ,” ಎಂದರು.

“ಸುಳ್ಳು ಹೇಳ್ತಿದಾರೆ ಸಾರ್,” ಎಂದು ಶೈಲಶ್ರೀ ಮುಂದೆ ಬಂದರು. “ನನ್ನ ಕಿವಿಯಾರೆ ಕೇಳಿದೀನಿ. ಡಾಕ್ಟರ್ ಮಯೂರ್ ಹತ್ರ ಮಾತಾಡ್ತಿದ್ರು. ಕೀಲು ಎಡಗಡೆಗೆ ಸೊಟ್ಟ ಆಗಿದೆ. ರಿಬ್ಸು ಎರಡು ಮುರಿದಿದೆ. ಹಲ್ಲು ಎರಡೂ ಕಡೆ ಕಟ್ಟಿಸ್ಬೇಕು. ಅದಕ್ಕೆ ಆವಿ ಕೊಟ್ಟು ಬಗ್ಗಿಸ್ತಾರಂತೆ!”

ಶಾನುಭಾಗರ ಮುಖ ಗಂಭೀರವಾಗಿತ್ತು. ಆಮೇಲೆ ಅದರ ಒಂದು ತುದಿ ಅಲುಗಿತು.

“ಇನ್ನೊಂದ್ಸಲ ಹೇಳಿ ಮೇಡಂ.”

“ಕೀಲು, ರಿಬ್ಬು, ಹಲ್ಲು. ಆವಿ.”

“ಕೀಲ್, ರಿಬ್, ಹಲ್,” ಎಂದು ಶಾನುಭಾಗರು ನಿಧಾನವಾಗಿ ಹೇಳಿಕೊಂಡರು. ಅನಂತರಾಮು ಕಡೆ ತಿರುಗಿದರು. “ಡೆಕ್ ಆಯ್ತಾ ಬೀಗರೇ?”

“ಆಗಿದೆ,” ಎಂದರು ಅನಂತರಾಮು, ನೆಲ ನೋಡುತ್ತ. “ಎಡಗಡೆ ಹಲ್ ಮಾತ್ರ ಆಗಿಲ್ಲ.”

ಶಾನುಭಾಗರು ಸೋಫಾದ ಮೇಲೆ ಕೂತುಬಿಟ್ಟರು. ನಗು ಅವರಿಗೆ ಎಷ್ಟು ಜೋರಾಗಿ ಬಂತೆಂದರೆ, ಮಹಡಿಯಿಂದ ಶಂಕ್ರವ್ವ ಯಾರಿಗೋ ಕೀಲು ತಪ್ಪಿತೆಂದು ಎಣ್ಣೆ ಬಟ್ಟಲು ಹಿಡಿದು ಇಳಿದು ಬಂದರು. ಪ್ರಕೃತಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಶೈಲಶ್ರೀ ಅವರಿಗೆ ಇನ್ನೂ ಸ್ವಲ್ಪ ಹೆಚ್ಚು.

“ಅಂದ್ರೆ ಯಾರಿಗೂ ಏನೂ ಆಗಿಲ್ವಾ?” ಎಂದರು ಅವರು. ಇಷ್ಟು ಗಂಜಿ ಹರಿಸಿದ ಮೇಲೆ ಈ ಸುದ್ದಿ ಅವರಿಗೆ ಪೂರ್ತಿ ಸಂತೋಷ ಕೊಟ್ಟಿತೆಂದು ಹೇಳಲಾಗದು.

“ನನ್ನ ಗ್ರೈಂಡರಿಗೆ ಆಗಿದೆ,” ಎಂದರು ಜಯಾ.

ರೂಮಿನ ಬಾಗಿಲು ತೆರೆಯಿತು. ಮೈ ತುಂಬ ಬಣ್ಣಬಣ್ಣದ ಬಟ್ಟೆ ಕ್ಲಿಪ್ಪು ಕಚ್ಚಿಕೊಂಡು ಹಡಗು ಮಂಚದ ಮೇಲೆ ವಾಲಿ ನಿಂತಿತ್ತು. ಮೂತಿ ಎಡಕ್ಕೆ ತಿರುಗಿತ್ತು.

“ಹವ್ಯಾಸ ಅಂದದ್ದು ಸುಳ್ಳು ಬೀಗರೇ,” ಎಂದರು ಅನಂತರಾಮು. “ಫ್ರೇಮ್ ಅಂದ್ರೆ ಗಾಜಿಂದು ಅಂದ್ಕೊಂಡಿದ್ದೆ. ನೀವು ಪನಾಮಾ ಪನಾಮಾ ಅಂತಿದ್ರಿ. ನಂಗೂ ಏನಾದ್ರೂ ಒಂದು ಹೇಳ್ಬೇಕು ಅನ್ನಿಸ್ತು.”

ಶಾನುಭಾಗರು ಹಡಗನ್ನು ಎರಡೂ ಕೈಯಲ್ಲಿ ಎತ್ತಿ, ಒಂದು ಕಣ್ಣು ಮುಚ್ಚಿ, ಉದ್ದಕ್ಕೆ ನೋಡಿದರು.

“ಪನಾಮಾದಲ್ಲಿ ನಾನೇನು ನೋಡಿದೆ ಗೊತ್ತಾ?” ಎಂದರು. “ಎಂಜಿನ್ ರೂಮು. ಎಲ್ಲಾ ದೇಶದಲ್ಲೂ ಅದೇ ಎಂಜಿನ್ ರೂಮು. ಕಾಲುವೆ ದಾಟಿದ ಮೇಲೆ ಅಡುಗೆಯವನು ಬಂದು ಹೇಳ್ತಿದ್ದ, ಸಾಹೇಬ್ರೇ, ಪನಾಮಾ ಹೋಯ್ತು ಅಂತ.”

ಅನಂತರಾಮು ನಕ್ಕರು. ಎರಡು ತಿಂಗಳಲ್ಲಿ ಮೊದಲ ಸಲ ಪಕ್ಕೆಗೆ ಒತ್ತಡವಾಗುವಷ್ಟು ನಕ್ಕರು.

“ಇನ್ನೊಂದು ಮಗ್ಗುಲು ಒಂದು ವಾರದಲ್ಲಿ ಆಗಲ್ಲ ಬೀಗರೇ,” ಎಂದರು.

“ಯಾಕಾಗ್ಬೇಕು?” ಎಂದರು ಶಾನುಭಾಗರು. “ಗೂಡಲ್ಲಿ ಕಾಣೋದು ಒಂದೇ ಮಗ್ಗುಲು. ಇನ್ನೊಂದು ಗೋಡೆ ಕಡೆಗೆ. ಬನ್ನಿ, ಮೇಲಿನ ಕಂಬಗಳನ್ನ ನಿಲ್ಸೋಣ. ಅಂಚಿನ ಪಟ್ಟಿಗೆ ಆವಿ ಕೊಡ್ಬೇಕು, ಇಡ್ಲಿ ಕುಕ್ಕರ್ ಎಲ್ಲಿದೆ?”

ಆ ವಾರ ಶಾನುಭಾಗರು ದಿನವೂ ಕತ್ರಿಗುಪ್ಪೆಗೆ ಬಂದರು. ಇಬ್ಬರೂ ಸೇರಿ ಕಂಬ ನಿಲ್ಲಿಸಿದರು, ಹಗ್ಗ ಬಿಗಿದರು, ಜಗಳವಾಡಿದರು. ಬೀಗರೊಡನೆ ಜಗಳವಾಡುವಾಗ ಅನಂತರಾಮು ಒಂದಿಂಚೂ ಬಗ್ಗಲಿಲ್ಲವೆಂಬುದನ್ನು ಜಯಾ ಗಮನಿಸಿದರು.

ಗೃಹಪ್ರವೇಶ ಹೇಳಿದ ದಿನವೇ ಆಯಿತು. ಗೂಡಿನಲ್ಲಿ ಹಡಗು ಮಿರಮಿರ ಮಿಂಚಿತು. ಮೂತಿ ಸೊಟ್ಟಗಾದದ್ದು ಗೋಡೆಯ ಕಡೆಗಾದ್ದರಿಂದ, ಹಡಗು ಯಾವುದೋ ಬಂದರಿಗೆ ತಿರುಗುತ್ತಿರುವಂತೆ ಕಾಣುತ್ತಿತ್ತು. ಪುರೋಹಿತರು ಅದಕ್ಕೂ ಒಂದು ಕುಂಕುಮದ ಬೊಟ್ಟಿಟ್ಟರು. ಲಕ್ಕಪ್ಪನವರು ಹತ್ತಿರ ಹೋಗಿ, ಕೈ ಕಟ್ಟಿಕೊಂಡು ನೋಡಿ, “ಆ ಕಡೆ ಹೇಗಿದೆ, ಸ್ವಲ್ಪ ತಿರುಗಿಸಬಹುದಾ?” ಎಂದರು.

ಶಾನುಭಾಗರು ಅಡ್ಡ ನಿಂತರು. “ಆ ಕಡೆ ಸಮುದ್ರ,” ಎಂದರು.

ಶೈಲಶ್ರೀ ಅವರಿಗೆ ಮಾತ್ರ ವಿಶೇಷ ಅನುಮತಿಯ ಮೇಲೆ ಹಿಂಬದಿ ತೋರಿಸಲಾಯಿತು. ಅವರು ಮುರಿದು ಅಂಟಿಸಿದ ಎರಡು ಪಕ್ಕೆಲುಬುಗಳನ್ನು ಬೆರಳಿನಿಂದ ಸವರಿ, “ಪಾಪ,” ಎಂದರು.

ಈಗ ಭಾನುವಾರಗಳಂದು ಶಾನುಭಾಗರು ಕತ್ರಿಗುಪ್ಪೆಗೆ ಬರುತ್ತಾರೆ. ಇನ್ನೊಂದು ಪೆಟ್ಟಿಗೆ ತರಿಸಿದ್ದಾರೆ. ಅದರ ಕೀಲು ನೆಟ್ಟಗಿದೆ. ಗೂಡಿನ ಹಡಗಿನ ಎಡ ಮಗ್ಗುಲು ಹಾಗೇ ಇದೆ, ಅದನ್ನು ಮುಗಿಸುವ ಮಾತನ್ನು ಇಬ್ಬರೂ ಎತ್ತುವುದಿಲ್ಲ. ಶಂಕ್ರವ್ವನ ಮೆಟ್ಟಿಲ ಮೇಲೆ ಈಗಲೂ ಸಾಲಿದೆ. ಇಡ್ಲಿ ಕುಕ್ಕರನ್ನು ಹುಣಸೆಹಣ್ಣು ಹಾಕಿ ಎಷ್ಟು ತಿಕ್ಕಿದರೂ ಬೀರುವಿನ ವಾಸನೆ ಹೋಗದ ಕಾರಣ ಜಯಾ ಅದನ್ನು ಹಡಗುಗಳಿಗೇ ಬಿಟ್ಟುಕೊಟ್ಟು, ಗಾಂಧಿಬಜಾರಿನಿಂದ ಹೊಸದು ತಂದರು.

ಹೋದದ್ದು ಒಂದು ಇಡ್ಲಿ ಕುಕ್ಕರು. ಸಿಕ್ಕಿದ್ದು ಅರ್ಧ ಹಡಗು, ಒಬ್ಬ ಸ್ನೇಹಿತ.